ಕಂಬಳದ ಗೆಲವು ಯಾರದು?

ಆಟವಿಲ್ಲದ ಸೀಮೆ ಲೋಕದಲ್ಲಿಲ್ಲ. ಆಟವಿದ್ದಲ್ಲಿ ಸೋಲುಗೆಲವುಗಳುಂಟು, ಗೆಲವಿದ್ದಲ್ಲಿ ಅದನ್ನು ಮುಂದಿನವರಿಗೆ ಹೇಳಿ ಹೋಗಬೇಕೆಂಬ ಆಸೆಯೂ ಉಂಟು. ಒಂದು ಮನೆಯವರು ತಮ್ಮ ಹಿರಿಯರ ಹೆಸರನ್ನು ಹೇಗೆ ಕಾಪಾಡಿಕೊಳ್ಳುವರೋ ಹಾಗೆಯೇ ಒಂದು ತಂಡದವರು ತಮ್ಮ ಗೆಲವುಗಳ ಲೆಕ್ಕವನ್ನು ಕಾಪಾಡಿಕೊಳ್ಳುವರು. ಆ ಲೆಕ್ಕ ನಿಜವಾಗಿದ್ದರೆ ಅದು ಮಾನ; ನಿಜವಲ್ಲದಿದ್ದರೆ ಬರಿಯ ಜಂಬ. ಇವೆರಡರ ನಡುವಣ ಭೇದವನ್ನು ನಮ್ಮ ಊರಿನ ಆಟವೊಂದರ ಮೂಲಕ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ದೂರದ ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಗ್ರೀನ್ ಬೇ ಎಂಬ ಪಟ್ಟಣವುಂಟು. ಅಲ್ಲಿಯ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಆ ದೇಶದ ಲೆಕ್ಕದಲ್ಲಿ ಅದು ಸಣ್ಣ ಊರೇ ಸರಿ. ಅಲ್ಲಿ ೧೯೧೯ರಲ್ಲಿ ‘ಪ್ಯಾಕರ್ಸ್’ ಎಂಬ ಫುಟ್‌ಬಾಲ್ ತಂಡವೊಂದು ಹುಟ್ಟಿತು. ಅವರ ಫುಟ್‌ಬಾಲು ನಾವು ಶಾಲೆಯ ಬಯಲಿನಲ್ಲಿ ಕಂಡ ಕಾಲ್ಚೆಂಡಿನ ಆಟವಲ್ಲ. ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವ ಆಟ. ನ್ಯೂಯಾರ್ಕು, ಚಿಕಾಗೊಗಳಂಥ ಮಹಾನಗರಗಳ ತಂಡಗಳನ್ನು ಎದುರಿಸಿ ಈ ಸಣ್ಣ ಊರಿನವರು ೧೩ ಬಾರಿ ದೇಶದ ಅಗ್ರಪಟ್ಟವನ್ನು ಗೆದ್ದಿರುವರು. ಈ ತಂಡಕ್ಕೆ ಒಬ್ಬ ಧನಿಕನು ಒಡೆಯನಲ್ಲ. ಪಾಲು ಕೊಂಡ ಸಾವಿರಾರು ಜನಸಾಮಾನ್ಯರೇ ಒಡೆಯರು. ಡಾನ್ ಹಟ್ಸನ್ ಎಂಬ ಅಲ್ಲಿಯ ಹಿರಿಯ ಆಟಗಾರನು ತೊಡುತ್ತಿದ್ದ ಅಂಗಿಯ ಸಂಖ್ಯೆ ೧೪. ೧೯೫೧ರಲ್ಲಿ ತಂಡದವರು ಆ ಸಂಖ್ಯೆಯನ್ನು ಇನ್ನಾರಿಗೂ ಕೊಡತಕ್ಕುದಲ್ಲವೆಂದು ತೀರ್ಮಾನಿಸಿ ಅವನಿಗೆ ಗೌರವ ಸಲ್ಲಿಸಿದರು. ಯಾವ ದಿನ, ಯಾರ ಎದುರು, ಎಷ್ಟು ಅಂಕಗಳಿಂದ ಗೆದ್ದರು ಅಥವಾ ಸೋತರು ಎಂಬುದೆಲ್ಲವೂ ಅವರ ಲೆಕ್ಕದಲ್ಲಿ ಉಂಟು. ಸೋಲನ್ನೂ ಬಿಡದೆ ಬರೆದಿಡುವುದರಿಂದಲೇ ಅವರ ಗೆಲವಿನ ಮಾತನ್ನು ಜನರು ನಂಬುವರು.

ನಮ್ಮ ಶಿರ್ವದ ಸುತ್ತಮುತ್ತ ಇಂಥ ತಂಡಗಳೆಲ್ಲಿ ಎಂದು ಕೇಳಬಹುದು. ಇವೆ. ಆದರೆ ಅವುಗಳ ರೂಪ ಬೇರೆ. ಎರಡು ಕೋಣಗಳು, ಅವನ್ನು ಓಡಿಸುವ ಒಬ್ಬ ಓಟಗಾರ, ಇವರನ್ನು ಸಾಕಿ ಸಲಹುವ ಒಂದು ಮನೆ—ಇಷ್ಟು ಸೇರಿದರೆ ನಮ್ಮಲ್ಲಿ ಒಂದು ತಂಡ. ಕೆಸರು ತುಂಬಿದ ಕರೆಯೇ ಅದರ ಬಯಲು. ಆಟದ ಹೆಸರು ಕಂಬಳ.

ಗದ್ದೆಯಿಂದ ಕರೆಗೆ

ಶಿರ್ವವು ಉಡುಪಿ ಜಿಲ್ಲೆಯ ಕಾಪು ತಾಲೂಕಿಗೆ ಸೇರಿದ ಊರು. ಇಲ್ಲಿಂದ ಒಂದು ಕಡೆಗೆ ಹೊರಟರೆ ಕಟಪಾಡಿಯ ‘ಮೂಡು–ಪಡು’ ಜೋಡುಕರೆ, ಇನ್ನೊಂದು ಕಡೆಗೆ ಕಾರ್ಕಳದ ಬಳಿಯ ಮಿಯ್ಯಾರಿನ ‘ಲವ–ಕುಶ’ ಜೋಡುಕರೆ, ಮತ್ತೊಂದು ಕಡೆಗೆ ನಂದಿಕೂರು ಅಡ್ವೆಯ ‘ಕೋಟಿ–ಚೆನ್ನಯ’ ಜೋಡುಕರೆ. ಎರಡು ಕರೆಗಳನ್ನು ಪಕ್ಕಪಕ್ಕದಲ್ಲಿ ನಿರ್ಮಿಸಿ, ಒಂದೊಂದಕ್ಕೂ ಪುರಾಣದ ಅಥವಾ ತುಳುನಾಡಿನ ಪಾಡ್ದನಗಳ ವೀರರ ಹೆಸರಿಡುವುದು ವಾಡಿಕೆ. ಹೀಗೆ ಜೋಡುಕರೆಗಳಲ್ಲಿ ಎರಡು ಜೋಡಿಗಳು ಒಮ್ಮೆಲೇ ಓಡಿ ಸೋಲುಗೆಲವನ್ನು ತೀರ್ಮಾನಿಸಿಕೊಳ್ಳುವುವು.

ಆದರೆ ಕಂಬಳದ ಮೂಲ ಸ್ಪರ್ಧೆಯಲ್ಲಿ ಇಲ್ಲ, ಬೇಸಾಯದಲ್ಲಿ ಉಂಟು. ನಮ್ಮ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳು. ಮಳೆಗಾಲದ ಏಣೆಲು ಬೆಳೆಯ ಕೊಯಿಲು ಮುಗಿದು ಸುಗ್ಗಿಯ ನಾಟಿಗೆ ಗದ್ದೆಯನ್ನು ಹದಮಾಡುವ ಹೊತ್ತಿಗೆ ಊರಿನ ಹಿರಿಯ ಮನೆತನದ ದೊಡ್ಡ ಗದ್ದೆಯಲ್ಲಿ ಕೋಣಗಳನ್ನು ಇಳಿಸುವ ಹಬ್ಬವೇ ಹಳೆಯ ಕಂಬಳ. ಆ ಗದ್ದೆಗೆ ‘ಕಂಬಳದ ಗದ್ದೆ’ ಎಂದೇ ಹೆಸರು. ಶಿರ್ವದ ನಡಿಬೆಟ್ಟು ಕಂಬಳ ಈ ಹಳೆಯ ಬಗೆಯದು. ಇಂಥ ಕಂಬಳಗಳಲ್ಲಿ ಓಟಕ್ಕಿಂತ ಆರಾಧನೆಗೆ ಹೆಚ್ಚಿನ ಸ್ಥಾನ. ನಾಗನಿಗೂ ದೈವಗಳಿಗೂ ಪ್ರಾರ್ಥನೆ ಸಲ್ಲಿಸಿ, ಸಿಂಗರಿಸಿದ ಕೋಣಗಳನ್ನು ಡೋಲು ಕೊಂಬುಗಳ ಸದ್ದಿನೊಡನೆ ಗದ್ದೆಗೆ ತಂದು ಇಳಿಸುವರು. ಕಡೆಗೆ ಗದ್ದೆಯ ನಡುವೆ ಹೂವಿನಿಂದ ಅಲಂಕರಿಸಿದ ‘ಪೂಕರೆ’ಯ ಕಂಬವನ್ನು ನೆಡುವುದೂ ಹಲವೆಡೆಗಳಲ್ಲಿ ಉಂಟು. ಆಮೇಲೆ ಅದೇ ಗದ್ದೆಯಲ್ಲಿ ನೇಜಿ ನೆಡುವರು.

ಹಿಂದೆ ಇಲ್ಲಿ ಯಾರು ಮೊದಲು ಬಂದರು, ಎಷ್ಟು ಹೊತ್ತಿನಲ್ಲಿ ಬಂದರು ಎಂಬುದನ್ನು ಬರೆದಿಡುವ ಪದ್ಧತಿಯಿರಲಿಲ್ಲ. ಚೆನ್ನಾಗಿ ಓಡಿದ ಜೋಡಿಗೆ ಬಾಳೆಯ ಗೊನೆ, ಎಳನೀರು, ತೆಂಗಿನಕಾಯಿ ಇಷ್ಟೇ ಬಹುಮಾನ. ಆ ಗೊನೆಯನ್ನು ಹೊತ್ತು ಮನೆಗೆ ಬರುವಾಗ ಆದ ಹಿಗ್ಗು ಮಾತ್ರ ಕಡಮೆಯದಲ್ಲ. ಅಂದಿನ ದಾಖಲೆ ಎಂದರೆ ಜನರ ನಾಲಗೆ. ‘ಇಂಥ ಮನೆಯ ಎರ್ಲು ಇಂಥ ಕಂಬಳದಲ್ಲಿ ಓಡಿದಂತೆ ಇನ್ನಾವುದೂ ಓಡಲಿಲ್ಲ’ ಎಂದು ಮುದುಕರು ಜಗಲಿಯಲ್ಲಿ ಹೇಳುವರು, ಮಕ್ಕಳು ಕೇಳುವರು. ನಾಲಗೆಯ ದಾಖಲೆಗೆ ಪ್ರೀತಿಯುಂಟು, ಆದರೆ ಅಳತೆಯಿಲ್ಲ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅರ್ಧ ಮರೆತುಹೋಗುವುದು. ಉಳಿದ ಅರ್ಧ ಎರಡರಷ್ಟಾಗುವುದು.

ಓಟದ ವಿಧಗಳು

ಇಂದಿನ ಸ್ಪರ್ಧೆಯ ಕಂಬಳ ನವೆಂಬರಿನಲ್ಲಿ ತೊಡಗಿ ಮಾರ್ಚ್ ತಿಂಗಳವರೆಗೂ ನಡೆಯುತ್ತದೆ. ವಾರವಾರವೂ ಒಂದೊಂದು ಊರಿನಲ್ಲಿ ಕೂಟ. ಬೆಳಗ್ಗೆ ತೊಡಗಿ ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿ ಓಟ ಸಾಗುವುದು. ಕೋಣಗಳು ಹೊರಡುವ ತುದಿಗೆ ‘ಗಂತು’ ಎಂದೂ, ಓಟ ಮುಗಿಸಿ ಏರುವ ತುದಿಗೆ ‘ಮಂಜೊಟ್ಟಿ’ ಎಂದೂ ಹೆಸರು. ನೇಗಿಲು ಹಿರಿಯ, ನೇಗಿಲು ಕಿರಿಯ, ಹಗ್ಗ ಹಿರಿಯ, ಹಗ್ಗ ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ಆರು ವಿಭಾಗಗಳು. ಹೊರಗಿನವರಿಗೆ ಇವೆಲ್ಲ ಒಂದೇ ಓಟದಂತೆ ಕಂಡರೂ ಗೆಲವಿನ ಅರ್ಥ ಒಂದೊಂದರಲ್ಲಿಯೂ ಬೇರೆ.

ನೇಗಿಲಿನ ವಿಭಾಗದಲ್ಲಿ ನೊಗಕ್ಕೆ ಹಗುರವಾದ ಮರದ ನೇಗಿಲೊಂದನ್ನು ಕಟ್ಟಿರುವರು. ಓಟಗಾರನು ಅದರ ಹಿಡಿಯನ್ನು ಹಿಡಿದು ಹಿಂದಿನಿಂದ ಓಡುವನು. ಹೊಸದಾಗಿ ಕರೆಗೆ ಇಳಿಯುವ ಕೋಣಗಳಿಗೆ ಇದು ಮೊದಲ ಪಾಠಶಾಲೆಯಂತೆ. ಹಗ್ಗದ ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವಷ್ಟೇ ಆಧಾರ. ಅಲ್ಲಿ ಕೋಣಗಳ ವೇಗಕ್ಕೆ ತಡೆ ಕಡಮೆ. ಓಟಗಾರನ ಕಾಲಿಗೆ ಪರೀಕ್ಷೆ ಹೆಚ್ಚು. ಪಳಗಿದ ಕೋಣಗಳೂ ಹೆಸರಾಂತ ಓಟಗಾರರೂ ಇಳಿಯುವುದು ಹಗ್ಗ ಹಿರಿಯದಲ್ಲಿ. ಅಡ್ಡ ಹಲಗೆಯಲ್ಲಿ ಓಟಗಾರನು ಓಡುವುದಿಲ್ಲ. ಕೆಸರಿನ ಮೇಲೆ ಜಾರುವ ಹಲಗೆಯ ಮೇಲೆ ನಿಂತು ತೂಕ ತಪ್ಪದೆ ಸಾಗಬೇಕು.

ಕನೆ ಹಲಗೆಯ ಸೊಗಸೇ ಬೇರೆ. ಅಲ್ಲಿ ಹಲಗೆಗೆ ತೂತುಗಳುಂಟು. ಓಟಗಾರನು ಒಂದು ಕಾಲನ್ನು ಅದರ ಮೇಲಿಟ್ಟು ಸಾಗುವಾಗ ಆ ತೂತುಗಳ ಮೂಲಕ ನೀರು ಕಾರಂಜಿಯಂತೆ ಮೇಲಕ್ಕೆ ಚಿಮ್ಮುವುದು. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಬಟ್ಟೆಯ ‘ನಿಶಾನೆ’ಯನ್ನು ಕಟ್ಟಿರುವರು—ಆರೂವರೆ ಕೋಲಿನ ಎತ್ತರದಲ್ಲಿ ಒಂದು, ಏಳೂವರೆ ಕೋಲಿನ ಎತ್ತರದಲ್ಲಿ ಇನ್ನೊಂದು. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ನೀರು ಆ ನಿಶಾನೆಯನ್ನು ಮುಟ್ಟಿ ತೋಯಿಸಿದರೆ ಬಹುಮಾನ. ಇಲ್ಲಿ ಬೇಗ ಬಂದವನು ದೊಡ್ಡವನಲ್ಲ. ನೀರನ್ನು ಎತ್ತರಕ್ಕೆ ಏರಿಸಿದವನು ದೊಡ್ಡವನು. ಗಡಿಯಾರವೊಂದನ್ನೇ ನಂಬಿ ಕಂಬಳವನ್ನು ಅಳೆಯುವವರು ಕನೆ ಹಲಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರರು. ಆದರೆ ನಮ್ಮ ಹಿರಿಯರು ವೇಗವನ್ನು ಮಾತ್ರವಲ್ಲದೆ ಬಲವನ್ನೂ ಹದವನ್ನೂ ಗೌರವಿಸಿದರು ಎಂಬುದಕ್ಕೆ ಈ ವಿಭಾಗವೇ ಸಾಕ್ಷಿ.

ಒಂಬತ್ತು ಸೆಕೆಂಡಿನ ಕಥೆ

೨೦೨೦ನೆಯ ಇಸವಿ ಫೆಬ್ರವರಿ ೧ರಂದು ಐಕಳದ ‘ಕಾಂತಾಬಾರೆ–ಬೂದಾಬಾರೆ’ ಕಂಬಳ ನಡೆಯಿತು. ಮೂಡಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಅಲ್ಲಿ ೧೪೨.೫ ಮೀಟರ್ ಉದ್ದದ ಕರೆಯನ್ನು ೧೩.೬೨ ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಕೂತು ಭಾಗಾಕಾರ ಮಾಡಿ, ಇದರಂತೆ ನೂರು ಮೀಟರಿಗೆ ೯.೫೫ ಸೆಕೆಂಡು ಆಯಿತೆಂದರು. ಜಮೈಕದ ಉಸೇನ್ ಬೋಲ್ಟನು ೨೦೦೯ರ ಆಗಸ್ಟ್ ೧೬ರಂದು ಬರ್ಲಿನ್ನಿನಲ್ಲಿ ಸ್ಥಾಪಿಸಿದ ಲೋಕದ ದಾಖಲೆ ೯.೫೮ ಸೆಕೆಂಡು. ಕೂಡಲೇ ದೇಶದ ಪತ್ರಿಕೆಗಳೂ ಹೊರದೇಶದ ಪತ್ರಿಕೆಗಳೂ ಕೆಸರಿನ ಗದ್ದೆಯಲ್ಲಿ ಬೋಲ್ಟನನ್ನು ಮೀರಿಸಿದವನು ಹುಟ್ಟಿದನೆಂದು ಬರೆದುವು. ಕೇಂದ್ರದ ಕ್ರೀಡಾಮಂತ್ರಿಗಳಾಗಿದ್ದ ಕಿರಣ್ ರಿಜಿಜು ಅವರು ಪರೀಕ್ಷಾ ಓಟಕ್ಕೆ ಏರ್ಪಾಡು ಮಾಡಿಸುವುದಾಗಿ ಸಾರಿದರು. ಮುಖ್ಯಮಂತ್ರಿಗಳಾಗಿದ್ದ ಬಿ. ಎಸ್. ಯಡಿಯೂರಪ್ಪನವರು ಗೌಡರನ್ನು ಕರೆಸಿ ೩ ಲಕ್ಷ ರೂಪಾಯಿಗಳ ಬಹುಮಾನವಿತ್ತರು. ಅದೇ ತಿಂಗಳು ವೇಣೂರಿನ ‘ಸೂರ್ಯ–ಚಂದ್ರ’ ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ ಶೆಟ್ಟರು ೧೪೩ ಮೀಟರನ್ನು ೧೩.೬೧ ಸೆಕೆಂಡುಗಳಲ್ಲಿ ಓಡಿ ಆ ಲೆಕ್ಕವನ್ನೂ ಹಿಂದಿಕ್ಕಿದರು. ೨೦೨೧ರಲ್ಲಿ ಒಂಬತ್ತು ಸೆಕೆಂಡಿಗಿಂತಲೂ ಕಡಮೆಯ ಲೆಕ್ಕಗಳು ಪ್ರಕಟವಾದುವು.

ಈ ಸುದ್ದಿಯನ್ನು ಕೇಳಿ ಹಿಗ್ಗದ ತುಳುನಾಡಿಗನಿಲ್ಲ. ಆದರೆ ಹಿಗ್ಗು ಬೇರೆ, ಲೆಕ್ಕ ಬೇರೆ. ಲೆಕ್ಕವನ್ನು ಒಮ್ಮೆ ನಿಧಾನವಾಗಿ ನೋಡೋಣ. ೧೩.೬೨ನ್ನು ೧೪೨.೫ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ೯.೫೫೮, ಎರಡು ದಶಮಾಂಶಗಳಿಗೆ ಸರಿಪಡಿಸಿದರೆ ೯.೫೬. ಬೋಲ್ಟನ ಕಾಲಕ್ಕೂ ಇದಕ್ಕೂ ಇರುವ ಅಂತರ ಒಂದು ಸೆಕೆಂಡಿನ ನೂರರಲ್ಲಿ ಸುಮಾರು ಎರಡು ಪಾಲು. ಇಷ್ಟು ಸಣ್ಣ ಅಂತರವನ್ನು ಹೇಳಬೇಕಾದರೆ ಅಳೆಯುವ ಸಾಧನವೂ ಅಷ್ಟೇ ಸೂಕ್ಷ್ಮವಾಗಿರಬೇಕು. ಮನುಷ್ಯನು ಬೆರಳಿನಿಂದ ಒತ್ತುವ ಗಡಿಯಾರ ವಿದ್ಯುತ್ ಯಂತ್ರಕ್ಕಿಂತ ಕಡಮೆಯ ಕಾಲವನ್ನೇ ತೋರಿಸುವುದು ಸಾಮಾನ್ಯ. ಆದುದರಿಂದ ಓಟದ ಪಂದ್ಯಗಳಲ್ಲಿ ಕೈಗಡಿಯಾರದ ಕಾಲವನ್ನು ಯಂತ್ರದ ಕಾಲಕ್ಕೆ ಹೋಲಿಸುವಾಗ ೦.೨೪ ಸೆಕೆಂಡನ್ನು ಕೂಡಿಸಿಕೊಳ್ಳುವ ಪದ್ಧತಿಯೇ ಉಂಟು. ಬೆರಳಿನ ದೋಷವೇ ನಮ್ಮ ಅಂತರದ ಹತ್ತುಪಟ್ಟಾದ ಮೇಲೆ ‘ಮೀರಿಸಿದನು’ ಎಂಬ ಮಾತಿಗೆ ಬಲವೆಲ್ಲಿಂದ ಬರಬೇಕು?

ಇನ್ನೊಂದು ಸಂಗತಿ. ಓಟಗಾರನ ಹೆಚ್ಚಿನ ಹೊತ್ತು ಹಾಳಾಗುವುದು ಹೊರಡುವಾಗ. ನಿಂತ ಮೈಯನ್ನು ವೇಗಕ್ಕೆ ತರುವುದರಲ್ಲಿಯೇ ಮೊದಲ ಮೂವತ್ತು ನಾಲ್ವತ್ತು ಮೀಟರ್ ಕಳೆಯುವುವು. ಅದೇ ಬೋಲ್ಟನು ೨೦೦೯ರಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ೧೫೦ ಮೀಟರನ್ನು ೧೪.೩೫ ಸೆಕೆಂಡುಗಳಲ್ಲಿ ಓಡಿದನು. ಅದರಲ್ಲಿ ಕಡೆಯ ನೂರು ಮೀಟರಿಗೆ ಹಿಡಿದ ಕಾಲ ೮.೭೦ ಸೆಕೆಂಡು ಮಾತ್ರ. ಅಂದ ಮೇಲೆ, ಓಡುತ್ತಿರುವ ನೂರು ಮೀಟರು ಬೇರೆ, ನಿಂತಲ್ಲಿಂದ ಹೊರಟ ನೂರು ಮೀಟರು ಬೇರೆ. ಕರೆಯಲ್ಲಿ ಕೋಣಗಳು ಗಂತನ್ನು ಬಿಟ್ಟ ಯಾವ ಗಳಿಗೆಯಿಂದ ಕಾಲವನ್ನು ಎಣಿಸಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೇಲಾಗಿ ಬೋಲ್ಟನು ಒಬ್ಬನೇ ಓಡಿದನು. ನಮ್ಮವರನ್ನು ಎರಡು ಬಲಿಷ್ಠ ಪ್ರಾಣಿಗಳು ಸೆಳೆದುಕೊಂಡು ಹೋದುವು. ಬೋಲ್ಟನ ಕಾಲಡಿಯಲ್ಲಿ ಗಟ್ಟಿ ನೆಲ. ನಮ್ಮವರ ಕಾಲಡಿಯಲ್ಲಿ ಹೂಳುವ ಕೆಸರು. ಒಂದು ನೆರವು, ಒಂದು ಅಡ್ಡಿ. ಇವೆರಡನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಈ ಮಾತನ್ನು ಹೊರಗಿನ ಪಂಡಿತರಿಗಿಂತ ಮೊದಲು ನಮ್ಮವರೇ ಹೇಳಿದರು ಎಂಬುದು ಮೆಚ್ಚತಕ್ಕ ವಿಷಯ. ಕಂಬಳ ಅಕಾಡೆಮಿಯ ಗುಣಪಾಲ ಕಡಂಬರು, ತಾವು ಯಾರೊಡನೆಯೂ ಹೋಲಿಸಿಕೊಳ್ಳಬಯಸುವುದಿಲ್ಲ, ಒಲಿಂಪಿಕ್ಸಿನವರಲ್ಲಿ ವೇಗವನ್ನು ಅಳೆಯಲು ಹೆಚ್ಚು ಶಾಸ್ತ್ರೀಯವಾದ ಸಾಧನಗಳಿವೆ ಎಂದು ಪತ್ರಿಕೆಯವರಿಗೆ ಸ್ಪಷ್ಟವಾಗಿ ತಿಳಿಸಿದರು. ಕಟ್ಟಡದ ಕೆಲಸ ಮಾಡಿ ಬದುಕುತ್ತಿದ್ದ ಶ್ರೀನಿವಾಸ ಗೌಡರು, ತಾನು ಗದ್ದೆಯ ಕೆಸರಿನಲ್ಲಿ ಓಡುವವನು, ಬೋಲ್ಟನ ದಾರಿ ಬೇರೆ ಎಂದರು. ಪರೀಕ್ಷಾ ಓಟಕ್ಕೂ ಒಪ್ಪಲಿಲ್ಲ. ತನ್ನ ಹೆಸರಿಗೆ ಬಂದ ಕೀರ್ತಿಯಲ್ಲಿ ಕೋಣಗಳಿಗೂ ಪಾಲುಂಟೆಂದು ಅವರು ಹೇಳಿದುದು ಈ ಇಡೀ ಪ್ರಕರಣದಲ್ಲಿ ನೆನಪಿಡತಕ್ಕ ಮಾತು. ದೊರೆತ ಕಿರೀಟವನ್ನು ಅಳತೆ ನೋಡಿ ಇಟ್ಟುಕೊಳ್ಳುವ ವಿವೇಕ ಎಲ್ಲರಿಗೂ ಇರುವುದಿಲ್ಲ.

ಇಷ್ಟರಿಂದ ಕಂಬಳದ ಓಟಗಾರರ ಸಾಧನೆ ಸಣ್ಣದಾಯಿತೆಂದು ಯಾರೂ ತಿಳಿಯಬಾರದು. ಸೆಕೆಂಡಿಗೆ ಹತ್ತು ಮೀಟರಿಗೂ ಮೀರಿದ ವೇಗದಲ್ಲಿ, ಕಣ್ಣಿಗೆ ಕೆಸರು ಎರಚುತ್ತಿರುವಾಗ, ಜೋಡಿ ಕೋಣಗಳ ಹಿಂದೆ ಬೀಳದೆ ಬರಿಗಾಲಿನಲ್ಲಿ ಓಡುವುದು ಅಸಾಧಾರಣವೇ ಸರಿ. ಅದನ್ನು ಹೇಳುವುದಕ್ಕೆ ಇನ್ನೊಬ್ಬನ ಹೆಸರಿನ ಊರುಗೋಲು ಬೇಕಾಗಿಲ್ಲ. ಕಂಬಳದ ಕಾಲವನ್ನು ಕಂಬಳದ ಕಾಲದೊಡನೆ ಹೋಲಿಸಬೇಕು. ಅದರಲ್ಲಿಯೂ ಎಚ್ಚರ ಬೇಕು. ಕರೆಗಳ ಉದ್ದ ಎಲ್ಲ ಊರುಗಳಲ್ಲಿ ಒಂದೇ ಅಲ್ಲ. ೧೨೦ ಮೀಟರಿನಿಂದ ೧೬೦ ಮೀಟರಿನವರೆಗೆ ವ್ಯತ್ಯಾಸವುಂಟು. ಕೆಸರಿನ ಆಳ, ನೀರಿನ ಮಟ್ಟ, ಹಗಲು ರಾತ್ರಿ ಇವೂ ಓಟವನ್ನು ಬದಲಿಸುವುವು. ಹೀಗಿರುವಲ್ಲಿ ಮಿಯ್ಯಾರಿನ ಕಾಲವನ್ನು ಮಿಯ್ಯಾರಿನಲ್ಲಿಯೂ ಕಟಪಾಡಿಯ ಕಾಲವನ್ನು ಕಟಪಾಡಿಯಲ್ಲಿಯೂ ಇಟ್ಟು ನೋಡಿದರೆ ಮಾತ್ರ ಲೆಕ್ಕಕ್ಕೆ ಅರ್ಥ ಬರುವುದು. ಈಚೆಗೆ ಮಂಜೊಟ್ಟಿಯಲ್ಲಿ ಬೆಳಕಿನ ಕಿರಣಗಳ ಸಾಧನವನ್ನು ಅಳವಡಿಸಿ ತೀರ್ಪು ಕೊಡುವ ಪದ್ಧತಿ ಬಂದಿರುವುದು ಒಳ್ಳೆಯ ಹೆಜ್ಜೆ. ತೀರ್ಪುಗಾರನ ಕಣ್ಣಿನ ಬಗ್ಗೆ ಎದ್ದ ಜಗಳಗಳಿಗೆ ಅದರಿಂದ ಎಷ್ಟೋ ಶಾಂತಿಯಾಗಿದೆ.

ಪದಕ ಯಾರ ಕೊರಳಿಗೆ?

ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಕಂಬಳದ ಫಲಿತಾಂಶ ಅಚ್ಚಾಗುವ ರೀತಿಯನ್ನು ಗಮನಿಸಿದವರುಂಟು. ಮೊದಲು ಯಾವ ವಿಭಾಗದಲ್ಲಿ ಎಷ್ಟು ಜೊತೆ ಕೋಣಗಳು ಬಂದಿದ್ದುವೆಂಬ ಲೆಕ್ಕ. ಬಳಿಕ ಗೆದ್ದ ಕೋಣಗಳ ಯಜಮಾನರ ಹೆಸರು. ಆ ಮನೆಯಿಂದ ಎರಡು ಜೊತೆ ಬಂದಿದ್ದರೆ ‘ಎ’, ‘ಬಿ’ ಎಂಬ ಗುರುತು. ಅದರ ಕೆಳಗೆ ‘ಓಡಿಸಿದವರು’ ಎಂದು ಓಟಗಾರನ ಹೆಸರು. ಇಲ್ಲಿ ಮನೆ ಮೊದಲು, ಮನುಷ್ಯ ಆಮೇಲೆ. ೨೦೨೦ರಲ್ಲಿ ದೇಶದ ಪತ್ರಿಕೆಗಳು ಬರೆದಾಗ ಓಟಗಾರನ ಹೆಸರೇ ಮುಂದೆ ಬಂದಿತು. ಮನೆ ಹಿಂದೆ ಸರಿಯಿತು. ಎರಡರಲ್ಲಿಯೂ ಸಾಮಾನ್ಯವಾಗಿ ಕಾಣದಿರುವುದು ಕೋಣಗಳ ಹೆಸರು.

ಆದರೆ ಕರೆಯ ದಂಡೆಯಲ್ಲಿ ನಿಂತ ಜನಕ್ಕೆ ಕೋಣಗಳ ಹೆಸರು ಗೊತ್ತು. ಬೊಲ್ಲ, ಕಾಟಿ, ಕುಟ್ಟಿ, ಪಾಂಡು ಎಂದು ಮನೆಯ ಮಕ್ಕಳನ್ನು ಕರೆದಂತೆ ಕರೆಯುವರು. ಯಾವುದು ಬಲಗಡೆ ಓಡುವುದು, ಯಾವುದು ಎಡಗಡೆ, ಯಾವುದಕ್ಕೆ ಗಂತಿನಲ್ಲಿ ನಿಲ್ಲುವ ತಾಳ್ಮೆಯಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ಒಂದು ಜೋಡಿಯನ್ನು ಕರೆಗೆ ಸಿದ್ಧಪಡಿಸುವುದಕ್ಕೆ ವರ್ಷಗಳು ಬೇಕು. ಬೇಯಿಸಿದ ಹುರುಳಿ, ಬೈಹುಲ್ಲು, ಮೈಗೆ ಎಣ್ಣೆಯ ತಿಕ್ಕು, ಕೆರೆಯಲ್ಲಿ ಈಜು, ಬೇಸಗೆಯಲ್ಲಿ ತಂಪಾದ ಕೊಟ್ಟಿಗೆ—ಇಷ್ಟೂ ದಿನದಿನವೂ ನಡೆಯಬೇಕು. ಕಂಬಳ ಇರುವುದು ವರ್ಷದಲ್ಲಿ ಕೆಲವು ದಿನ. ಕೊಟ್ಟಿಗೆಯ ಕೆಲಸ ವರ್ಷವೆಲ್ಲ. ಬೆಳಗಿನ ಜಾವ ಎದ್ದು ಹುರುಳಿಗೆ ಒಲೆ ಹೊತ್ತಿಸುವ ಮನೆಯ ಹೆಂಗಸರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲಿಯೂ ಇಲ್ಲ. ಕೋಣ ಮುದಿಯಾದ ಮೇಲೆ ಅದನ್ನು ಮಾರದೆ ಸಾಕಿ, ಸತ್ತಾಗ ಮನೆಯವರಲ್ಲೊಬ್ಬರಂತೆ ಮಣ್ಣು ಮಾಡಿದ ಮನೆಗಳುಂಟು. ಬಂಗಾರದ ಪದಕಕ್ಕಿಂತ ಹೆಚ್ಚಿನ ಗೌರವ ಇದೇ ಎಂದರೆ ತಪ್ಪಾಗದು.

ಬಂಗಾರದ ಮಾತು ಬಂದಿತಷ್ಟೆ. ಬಾಳೆಗೊನೆಯ ಕಾಲ ಕಳೆದು ಈಗ ಹಲವು ಕಂಬಳಗಳಲ್ಲಿ ಮೊದಲನೆಯ ಬಹುಮಾನ ಎರಡು ಪವನು, ಎರಡನೆಯದು ಒಂದು ಪವನು. ಒಂದು ಪವನೆಂದರೆ ೮ ಗ್ರಾಮ್ ಚಿನ್ನ. ಆದರೂ ಒಂದು ಜೋಡಿಯನ್ನು ಸಾಕುವ ಖರ್ಚಿನ ಮುಂದೆ ಈ ಚಿನ್ನ ಏನೂ ಅಲ್ಲ. ಯಜಮಾನರು ಲಾಭಕ್ಕಾಗಿ ಕೋಣ ಕಟ್ಟುವುದಿಲ್ಲ, ಮನೆಯ ಹೆಸರಿಗಾಗಿ ಕಟ್ಟುವರು. ಓಟಗಾರರ ಸ್ಥಿತಿಯಾದರೋ ಬೇರೆ. ಅವರಲ್ಲಿ ಹಲವರು ಕೂಲಿ ಕೆಲಸದಿಂದ, ಬೇಸಾಯದಿಂದ ಬದುಕುವವರು. ಕಾಲಿನ ಬಲ ಇರುವಷ್ಟು ವರ್ಷ ಮಾತ್ರ ಕರೆಯ ಬದುಕು. ಕಂಬಳ ಅಕಾಡೆಮಿಯು ತರುಣರಿಗೆ ವ್ಯಾಯಾಮ, ಓಟ, ಕೋಣಗಳ ಆರೈಕೆ ಇವನ್ನು ಕ್ರಮವಾಗಿ ಕಲಿಸತೊಡಗಿದುದರಿಂದ ಈ ವಿದ್ಯೆಗೆ ಒಂದು ಶಿಸ್ತು ಬಂದಿದೆ. ಕರ್ನಾಟಕ ಸರಕಾರವು ದೇಸೀ ಆಟಗಳ ಸಾಧಕರಿಗೆ ಕೊಡುವ ‘ಕ್ರೀಡಾರತ್ನ’ ಪ್ರಶಸ್ತಿಯಲ್ಲಿ ಕಬಡ್ಡಿ, ಖೋಖೋ, ಮಲ್ಲಕಂಬಗಳೊಡನೆ ಕಂಬಳಕ್ಕೂ ಸ್ಥಾನ ದೊರೆತಿರುವುದು ಸಂತೋಷದ ವಿಷಯ.

ನ್ಯಾಯಪೀಠದ ಮುಂದೆ

ಗೆಲವಿನ ಲೆಕ್ಕದಲ್ಲಿ ಕಂಬಳವೇ ಗೆದ್ದ ಒಂದು ಪಂದ್ಯವನ್ನೂ ಸೇರಿಸಬೇಕು. ೨೦೧೪ರ ಮೇ ೭ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಜಲ್ಲಿಕಟ್ಟನ್ನೂ ಎತ್ತಿನ ಗಾಡಿಗಳ ಓಟವನ್ನೂ ನಿಷೇಧಿಸಿತು. ಅದರ ನೆರಳು ಕಂಬಳದ ಮೇಲೆಯೂ ಬಿದ್ದಿತು. ಪ್ರಾಣಿದಯಾ ಸಂಘದವರ ಅರ್ಜಿಯ ಮೇಲೆ ೨೦೧೬ರ ನವೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಕಂಬಳಕ್ಕೆ ಮಧ್ಯಂತರ ತಡೆಯನ್ನು ವಿಧಿಸಿತು. ೨೦೧೭ರ ಜನವರಿಯಲ್ಲಿ ಕರಾವಳಿಯ ಜನ ಸಾವಿರಗಟ್ಟಲೆ ಕೂಡಿ ಕಂಬಳದ ಪರವಾಗಿ ನಿಂತರು. ಫೆಬ್ರವರಿಯಲ್ಲಿ ರಾಜ್ಯದ ಶಾಸನಸಭೆ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಗೆ ತಿದ್ದುಪಡಿಯನ್ನು ಅಂಗೀಕರಿಸಿತು. ಜುಲೈಯಲ್ಲಿ ಸುಗ್ರೀವಾಜ್ಞೆ ಬಂದಿತು. ೨೦೧೮ರ ಫೆಬ್ರವರಿಯಲ್ಲಿ ತಿದ್ದುಪಡಿಗೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಕಡೆಗೆ ೨೦೨೩ರ ಮೇ ೧೮ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ಕಾಯಿದೆಗಳು ಸಿಂಧುವೆಂದು ತೀರ್ಪಿತ್ತಿತು. ಅದೇ ವರ್ಷ ನವೆಂಬರ್ ೨೫ ಮತ್ತು ೨೬ರಂದು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ‘ರಾಜ–ಮಹಾರಾಜ’ ಎಂಬ ಜೋಡುಕರೆಯಲ್ಲಿ ಕಂಬಳ ನಡೆದು, ಗಟ್ಟವನ್ನೇರಿದ ಕೋಣಗಳನ್ನು ರಾಜಧಾನಿಯ ಜನ ಕಣ್ಣಾರೆ ಕಂಡರು. ಅದಕ್ಕೆ ಹಿಂದಿನ ವರ್ಷ ‘ಕಾಂತಾರ’ ಚಲಚ್ಚಿತ್ರದಲ್ಲಿ ಕಂಬಳವನ್ನು ನೋಡಿದ್ದ ಹೊರಗಿನವರಿಗೆ ಅದರ ಪರಿಚಯ ಆಗಲೇ ಆಗಿತ್ತು.

ಆದರೆ ಈ ಗೆಲವಿನೊಡನೆ ಒಂದು ಹೊಣೆಯೂ ಬಂದಿದೆ. ಕಾಯಿದೆ ಕೊಟ್ಟದ್ದು ಹೊಡೆಯುವುದಕ್ಕೆ ಪರವಾನಗಿಯಲ್ಲ. ಕೋಣಗಳಿಗೆ ಅನಗತ್ಯವಾದ ನೋವಾಗಬಾರದೆಂಬುದು ಅದರ ಷರತ್ತು. ಬೆತ್ತದ ಪೆಟ್ಟಿನಿಂದ ಬಂದ ಒಂದು ಸೆಕೆಂಡಿನ ಲಾಭವನ್ನು ದಾಖಲೆಯೆಂದು ಕರೆಯಬಹುದೆ? ಮನೆಯ ಮಗನಂತೆ ಸಾಕಿದೆವೆಂದು ಹೇಳುವವರು ಕರೆಯಲ್ಲಿಯೂ ಆ ಮಾತನ್ನು ಉಳಿಸಿಕೊಳ್ಳಬೇಕು. ಹೊರಗಿನವರ ಆಕ್ಷೇಪಕ್ಕೆ ಕೊಡಬಹುದಾದ ಉತ್ತಮವಾದ ಉತ್ತರ ವಾದವಲ್ಲ, ಗಾಯವಿಲ್ಲದ ಕೋಣದ ಬೆನ್ನು.

ಮರೆಯಬಾರದ ಒಂದು ಪುಟ

ಮಾನದ ಪುಸ್ತಕವನ್ನು ಬರೆಯುವಾಗ ಅವಮಾನದ ಪುಟವನ್ನು ಹರಿದುಹಾಕುವುದು ಪ್ರಾಮಾಣಿಕತೆಯಲ್ಲ. ಹಳೆಯ ಕಂಬಳಗಳ ಹಿಂದಿನ ರಾತ್ರಿ ಕೊರಗರನ್ನು ಇಬ್ಬನಿಯಲ್ಲಿ ಕೂರಿಸಿ ಡೋಲು ಬಾರಿಸುವಂತೆ ಮಾಡುವುದೂ, ಕೋಣಗಳಿಗಿಂತ ಮೊದಲು ಅವರನ್ನು ಕರೆಯಲ್ಲಿ ಓಡಿಸುವುದೂ ನಡೆಯುತ್ತಿದ್ದುವು. ಕೆಡುಕನ್ನೆಲ್ಲ ಬಡವರ ಮೈಮೇಲೆ ಹೊರಿಸಿ ಉಳಿದವರು ಶುಭವನ್ನು ಅನುಭವಿಸುವ ಈ ಕ್ರಮಕ್ಕೆ ‘ಅಜಲು’ ಎಂದು ಹೆಸರು. ಕರ್ನಾಟಕ ಸರಕಾರವು ೨೦೦೦ದಲ್ಲಿ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿ ಇದನ್ನು ಅಪರಾಧವೆಂದು ಸಾರಿತು. ಸಂಪ್ರದಾಯವೆಂಬ ಮಾತ್ರಕ್ಕೆ ಎಲ್ಲವೂ ಉಳಿಯತಕ್ಕುದಲ್ಲ. ಕಾಳನ್ನೂ ಜೊಳ್ಳನ್ನೂ ತೂರಿ ಬೇರ್ಪಡಿಸುವುದು ರೈತನ ಮನೆಯವರಿಗೆ ಹೊಸ ವಿದ್ಯೆಯೇನಲ್ಲ. ಕಂಬಳದಿಂದ ಅಜಲನ್ನು ತೆಗೆದರೆ ಕಂಬಳ ಬಡವಾಗುವುದಿಲ್ಲ. ಅದರ ಮುಖದ ಕಲೆ ತೊಳೆದಂತಾಗುವುದು.

ಬರೆದಿಡಬೇಕಾದುದು

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಕಂಬಳದ ಗೆಲವು ಯಾರದು? ಓಟಗಾರನದೆಂದರೆ ಕೋಣಗಳಿಗೆ ಅನ್ಯಾಯ. ಕೋಣಗಳದೆಂದರೆ ಅವನ್ನು ಪಳಗಿಸಿದವರಿಗೆ ಅನ್ಯಾಯ. ಮನೆಯದೆಂದರೆ ಕೆಸರಿನಲ್ಲಿ ಎದೆಯೊಡೆಯುವಂತೆ ಓಡಿದವನಿಗೆ ಅನ್ಯಾಯ. ಹಂಚಿಕೊಂಡಷ್ಟೂ ಕುಂದದ ಸೊತ್ತು ಇದೊಂದೇ ಇರಬೇಕು.

ಆದುದರಿಂದ ಊರೂರಿನ ಕಂಬಳದವರು ಒಂದು ಕೆಲಸವನ್ನು ಮಾಡಬಹುದು. ಪ್ರತಿಯೊಂದು ಕೂಟದ ಬಳಿಕ ಒಂದು ಪುಸ್ತಕದಲ್ಲಿ ದಿನಾಂಕ, ಕರೆಯ ಉದ್ದ, ವಿಭಾಗ, ಕಾಲ, ಆ ಕಾಲವನ್ನು ಅಳೆದ ಸಾಧನ ಇವನ್ನು ಬರೆಯಲಿ. ಯಜಮಾನರ ಹೆಸರಿನ ಜೊತೆಗೆ ಓಟಗಾರನ ಹೆಸರು, ಎರಡು ಕೋಣಗಳ ಹೆಸರು, ಅವನ್ನು ನೋಡಿಕೊಂಡವರ ಹೆಸರು ಇವೂ ಇರಲಿ. ಸೋತ ಜೋಡಿಯ ಕಾಲವನ್ನೂ ಬಿಡದಿರಲಿ. ಸೋತವನು ಎಷ್ಟು ಹತ್ತಿರ ಬಂದಿದ್ದನೆಂದು ತಿಳಿಯದೆ ಗೆದ್ದವನ ಗೆಲವಿನ ಬೆಲೆ ತಿಳಿಯದು. ಶಿರ್ವದ ನಡಿಬೆಟ್ಟಿನಂಥ ಹಳೆಯ ಕಂಬಳಗಳಲ್ಲಿ ಗಡಿಯಾರದ ಲೆಕ್ಕ ಬೇಡವೆಂದಿದ್ದರೆ ಬೇಡ. ಆದರೆ ಯಾರ ಯಾರ ಮನೆಯ ಕೋಣಗಳು ಬಂದಿದ್ದುವು, ಯಾರು ಡೋಲು ಬಾರಿಸಿದರು, ಆ ವರ್ಷ ಮಳೆ ಬೆಳೆ ಹೇಗಿತ್ತು ಎಂದು ನಾಲ್ಕು ಸಾಲು ಬರೆದಿಡುವುದಕ್ಕೆ ಅಡ್ಡಿಯೇನು? ಮುಂಬಯಿಯಲ್ಲಿಯೋ ಪರದೇಶದಲ್ಲಿಯೋ ಬೆಳೆಯುತ್ತಿರುವ ಈ ಊರಿನ ಮಕ್ಕಳು ಒಂದು ದಿನ ಅದನ್ನು ಓದುವರು. ಮನೆಯ ಮುದುಕರಲ್ಲಿ ಈ ನೆನಪುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳೇ ರಜೆಯಲ್ಲಿ ಮಾಡಬಹುದು.

ಗ್ರೀನ್ ಬೇ ಊರಿನವರು ಒಂದು ಅಂಗಿಯ ಸಂಖ್ಯೆಯನ್ನು ಎತ್ತಿಟ್ಟು ಒಬ್ಬನನ್ನು ಗೌರವಿಸಿದರು. ನಮಗೆ ಅಂಗಿಯೂ ಇಲ್ಲ, ಸಂಖ್ಯೆಯೂ ಇಲ್ಲ. ನಮ್ಮಲ್ಲಿ ಇರುವುದು ಕೊಟ್ಟಿಗೆಯ ಗೂಟ. ಚೆನ್ನಾಗಿ ಓಡಿ ಮುದಿಯಾದ ಕೋಣಕ್ಕೆ ಆ ಗೂಟದಲ್ಲಿ ಕಡೆಯವರೆಗೂ ಹುಲ್ಲು ನೀರು ದೊರೆಯುವುದಾದರೆ, ಓಡಿಸಿದವನಿಗೆ ಕಾಲು ಸೋತ ಮೇಲೆಯೂ ಆ ಮನೆಯ ಜಗಲಿಯಲ್ಲಿ ಮಣೆ ದೊರೆಯುವುದಾದರೆ, ಕಂಬಳದ ಮಾನ ಉಳಿಯಿತೆಂದು ತಿಳಿಯಬಹುದು.